ಕುತ್ತಿಗೆ ತಿರುಗಿಸಿದರೆ ಡಯಾಲಿಸಿಸ್ ಮೆಷಿನ್ ಯಾಕೆ ಕೂಗುತ್ತದೆ?

ಪ್ರಶ್ನೆ: ನಮ್ಮದು ಹೊಸನಗರದ ಹತ್ತಿರದ ಹಳ್ಳಿ. ಅಪ್ಪಯ್ಯನಿಗೆ 63 ವರ್ಷ. ಎರಡೂವರೆ ತಿಂಗಳ ಹಿಂದೆ ಕುತ್ತಿಗೆಯ ಬಲಗಡೆ ಪರ್ಮ್‌ಕ್ಯಾಥ್ (ಡಯಾಲಿಸಿಸ್‌ಗೆಂದು ರಕ್ತನಾಳದಲ್ಲಿ ಇಡುವ ಟ್ಯೂಬ್, ಅಂದರೆ ಕ್ಯಾಥೆಟರ್) ಹಾಕಿದ್ದಾರೆ. ವಾರಕ್ಕೆ ಎರಡು ಸಲ ಶಿವಮೊಗ್ಗಕ್ಕೆ ಡಯಾಲಿಸಿಸ್‌ಗೆ ಹೋಗುತ್ತೇವೆ. ಮಲಗಿದ್ದರೆ ಮೆಷಿನ್ ಚೆನ್ನಾಗಿ ಓಡುತ್ತದೆ. ತಿಂಡಿ ತಿನ್ನಲು ಎದ್ದು ಕೂತರೆ ಅಲಾರಂ. ಕುತ್ತಿಗೆ ಎಡಕ್ಕೆ ತಿರುಗಿಸಿದರೂ ಅಲಾರಂ. ಆಗ ಸಿಸ್ಟರ್ ಬಂದು ಪಂಪಿನ ಸ್ಪೀಡ್ ಇಳಿಸುತ್ತಾರೆ, ಕೆಲವು ಸಲ ಟ್ಯೂಬಿನ ಕೆಂಪು ನೀಲಿ ಕವಲುಗಳನ್ನು ಅದಲುಬದಲು ಮಾಡುತ್ತಾರೆ. ಎಕ್ಸ್‌ರೇಯಲ್ಲಿ ಎಲ್ಲ ಸರಿ ಇದೆ ಎಂದಿದ್ದಾರೆ. "ಅಲುಗಾಡಬೇಡಿ" ಅಂತ ಎಲ್ಲರೂ ಹೇಳಿ ಹೇಳಿ ಈಗ ಅವರು ಮನೆಯಲ್ಲೂ ಕುತ್ತಿಗೆ ತಿರುಗಿಸುವುದಿಲ್ಲ. ತೋಟಕ್ಕೆ ಹೋಗುವುದು ನಿಂತಿದೆ. ರಾತ್ರಿ ಆರಾಮ ಕುರ್ಚಿಯಲ್ಲೇ ಒರಗಿ ಮಲಗುತ್ತಾರೆ. ಓಡಾಡಿದರೆ ಟ್ಯೂಬ್ ಜಾರುತ್ತದಾ? ಏನು ಮಾಡಬಹುದು, ಏನು ಮಾಡಬಾರದು?

ಉತ್ತರ: ಮೊದಲು ಜಾರುವ ವಿಷಯ ಹೇಳಿಬಿಡುತ್ತೇನೆ. ನಡೆದಾಡಿದರೆ, ಕುತ್ತಿಗೆ ತಿರುಗಿಸಿದರೆ ಈ ಕ್ಯಾಥೆಟರ್ ಜಾರಿ ಹೊರಗೆ ಬರುವುದಿಲ್ಲ. ಅಪ್ಪಯ್ಯ ಇವತ್ತಿನಿಂದಲೇ ಧೈರ್ಯವಾಗಿ ಕುತ್ತಿಗೆ ಆಡಿಸಲಿ, ತೋಟದವರೆಗೂ ನಡೆದು ಹೋಗಿ ಬರಲಿ.

ಆದರೆ ನಿಮ್ಮ ಪತ್ರದಲ್ಲಿ ನನಗೆ ಅಲಾರಂಗಿಂತ ಜಾಸ್ತಿ ಚಿಂತೆ ಹುಟ್ಟಿಸಿದ್ದು ಆ ಆರಾಮ ಕುರ್ಚಿ. ಅವರು ಟ್ಯೂಬಿನ ಹೆದರಿಕೆಗೆ ಒರಗಿ ಮಲಗುತ್ತಾರೋ, ಇಲ್ಲ ಚಪ್ಪಟೆ ಮಲಗಿದರೆ ಉಸಿರು ಕಟ್ಟುತ್ತದೆಯೋ? ನಿಧಾನವಾಗಿ ಕೂರಿಸಿಕೊಂಡು ಕೇಳಿ. ನಮ್ಮ ಹಿರಿಯರು ಇಂಥದ್ದನ್ನು ತಾವಾಗಿ ಹೇಳುವುದಿಲ್ಲ. "ಹೀಗೇ ಒಂದು ಸ್ವಲ್ಪ ಆರಾಮ" ಎಂದು ಬಿಡುತ್ತಾರೆ. ಮಲಗಿದರೆ ದಮ್ಮು ಬರುತ್ತದೆ, ರಾತ್ರಿ ಕೆಮ್ಮು ಬಂದು ಎದ್ದು ಕೂರುತ್ತಾರೆ, ಕಾಲು ಊದಿದೆ ಎಂದಾದರೆ ಮೈಯಲ್ಲಿ ನೀರು ನಿಂತಿದೆ ಎಂದರ್ಥ. ಅದಕ್ಕೆ ಮುಂದಿನ ಡಯಾಲಿಸಿಸ್ ದಿನದವರೆಗೆ ಕಾಯಬಾರದು. ಅದೇ ದಿನ ಫೋನ್ ಮಾಡಿ ಡಾಕ್ಟರಿಗೆ ತಿಳಿಸಿ. ದಮ್ಮು ಜೋರಾದರೆ ನೇರವಾಗಿ ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಬರೀ ಹೆದರಿಕೆಯೇ ಕಾರಣವಾದರೆ, ಇದನ್ನು ಅವರಿಗೆ ಓದಿ ಹೇಳಿ.

ಈಗ ಕ್ಯಾಥೆಟರ್ ಒಳಗೆ ಹೇಗೆ ಕೂತಿದೆ ನೋಡೋಣ. ಎದೆಯ ಮೇಲೆ, ಕಾಲರ್ ಮೂಳೆಯ ಕೆಳಗೆ ಅದು ಹೊರಬರುತ್ತದೆ, ಅಲ್ವಾ? ಅಲ್ಲಿಂದ ಚರ್ಮದ ಅಡಿಯಲ್ಲೇ ಒಂದು ಸುರಂಗದ ಹಾಗೆ ಮೇಲೆ ಹೋಗಿ, ಕಾಲರ್ ಮೂಳೆ ದಾಟಿ, ಕುತ್ತಿಗೆಯಲ್ಲಿ ಬಳಸಿ ತಿರುಗಿ ದೊಡ್ಡ ರಕ್ತನಾಳಕ್ಕೆ ಇಳಿಯುತ್ತದೆ. ಅಲ್ಲಿಂದ ಕೆಳಗೆ ಹೃದಯದ ಬಲ ಮೇಲ್ಕೋಣೆಯವರೆಗೆ. ಬಲಗಡೆಯೇ ಹಾಕುವುದಕ್ಕೆ ಕಾರಣ ಇದೆ. ಬಲಗಡೆಯ ನಾಳ ಹೃದಯಕ್ಕೆ ಹೆಚ್ಚುಕಡಿಮೆ ನೆಟ್ಟಗೆ ಇಳಿಯುತ್ತದೆ. ಎಡಗಡೆ ಹಾಕಿದರೆ ದಾರಿಯಲ್ಲಿ ತಿರುವುಗಳಿವೆ, ಹಾಗಾಗಿ ಅಲ್ಲಿ ತೊಂದರೆಯೂ ಜಾಸ್ತಿ. ತೊಡೆಯ ಸಂದಿಯಲ್ಲಿ ಹಾಕಿದ್ದಂತೂ ಕಾಲು ಮಡಚಿ ಕೂತರೆ ಬಾಗುತ್ತದೆ. ಅದಕ್ಕೇ ಅಲ್ಲಿ ಹಾಕಿದವರನ್ನು ಹೆಚ್ಚಾಗಿ ಮಲಗಿಸಿಯೇ ಇಟ್ಟಿರುತ್ತಾರೆ. "ಅಲುಗಾಡಬೇಡಿ" ಎನ್ನುವ ಮಾತು ಅಂಥವರಿಗೆ ಸರಿ. ಅದು ಎಲ್ಲ ಕ್ಯಾಥೆಟರಿನವರಿಗೂ ಹಬ್ಬಿಬಿಟ್ಟಿದೆ.

ಚರ್ಮದ ಅಡಿಯ ಆ ಸುರಂಗದಲ್ಲಿ ಟ್ಯೂಬಿನ ಸುತ್ತ ಬಟ್ಟೆಯಂಥ ಒಂದು ಚಿಕ್ಕ ಪಟ್ಟಿ ಇರುತ್ತದೆ. ಕಫ್ ಅನ್ನುತ್ತೇವೆ. ಮೂರು ನಾಲ್ಕು ವಾರದಲ್ಲಿ ಮೈಯ ಮಾಂಸ ಆ ಪಟ್ಟಿಯೊಳಗೆ ಬೆಳೆದು ಅದನ್ನು ಕಚ್ಚಿ ಹಿಡಿಯುತ್ತದೆ. ಅಲ್ಲಿಯವರೆಗೆ ಹೊರಗಿನ ಹೊಲಿಗೆಯೇ ಆಧಾರ. ನಿಮ್ಮ ಅಪ್ಪಯ್ಯನಿಗೆ ಎರಡೂವರೆ ತಿಂಗಳು ಆಗಿದೆ. ಕಫ್ ಗಟ್ಟಿಯಾಗಿ ಕೂತಿರಬೇಕು. ಹೊಲಿಗೆ ಬಿಚ್ಚಿದ್ದರೂ ಗಾಬರಿ ಬೇಡ.

ಹಾಗಾದರೆ ಎದ್ದು ಕೂತರೆ ಅಲಾರಂ ಯಾಕೆ? ಕ್ಯಾಥೆಟರನ್ನು ಹಾಕುವುದು ಮಲಗಿಸಿ. ತುದಿ ಎಲ್ಲಿದೆ ಎಂದು ನೋಡುವುದೂ ಮಲಗಿದ್ದಾಗಲೇ. ಎದ್ದು ಕೂತ ಕೂಡಲೇ ಒಳಗೆ ಎರಡು ಬದಲಾವಣೆ ಆಗುತ್ತವೆ. ವಪೆ, ಅಂದರೆ ಎದೆ ಹೊಟ್ಟೆಗಳ ನಡುವಿನ ಮಾಂಸದ ಪರದೆ, ಕೆಳಗಿಳಿಯುತ್ತದೆ, ಅದರ ಜೊತೆ ಹೃದಯವೂ ಸ್ವಲ್ಪ ಇಳಿಯುತ್ತದೆ. ಎದೆಯ ಚರ್ಮ, ಅದರಡಿಯ ಕೊಬ್ಬು ಕೂಡ ಕೆಳಗೆ ಜೋಲುತ್ತದೆ. ಕಫ್ ಅಂಟಿಕೊಂಡಿರುವುದು ಆ ಚರ್ಮದಡಿಯ ಮಾಂಸಕ್ಕೆ ತಾನೇ? ಅದು ಕೆಳಗೆ ಜಗ್ಗಿದಾಗ ಕುತ್ತಿಗೆಯ ಬಾಗಿನ ಆಚೆಗಿರುವ ತುದಿ ಮೇಲಕ್ಕೆ ಎಳೆದುಕೊಳ್ಳುತ್ತದೆ. ಹೀಗೆ ತುದಿ ಎರಡು ಮೂರು ಸೆಂಟಿಮೀಟರ್ ಮೇಲೆ ಬರುವುದು ಸಾಮಾನ್ಯ. ಮೈ ದಪ್ಪ ಇರುವವರಲ್ಲಿ, ಸ್ತನಭಾರ ಇರುವ ಹೆಣ್ಣುಮಕ್ಕಳಲ್ಲಿ ಇನ್ನೂ ಜಾಸ್ತಿ. ಮಲಗಿದ್ದಾಗ ಹೃದಯದ ಅಗಲವಾದ ಕೋಣೆಯಲ್ಲಿ ತೇಲುತ್ತಿದ್ದ ತುದಿ, ಕೂತಾಗ ಮೇಲಿನ ಕಿರಿದಾದ ನಾಳಕ್ಕೆ ಬಂದು ನಿಲ್ಲುತ್ತದೆ.

ಅಲ್ಲಿ ಜಾಗ ಕಡಿಮೆ. ಪಂಪು ರಕ್ತ ಎಳೆಯುವಾಗ ತುದಿಯ ರಂಧ್ರ ನಾಳದ ಗೋಡೆಗೆ ಅಂಟುತ್ತದೆ. ನಿಮಗೆ ತೋಟದ ಅನುಭವ ಇದೆ. ಬೇಸಿಗೆಯಲ್ಲಿ ಕೆರೆ ನೀರು ಇಳಿದು ಪೈಪಿನ ತುದಿಯ ಫುಟ್‌ವಾಲ್ವ್ ದಂಡೆಯ ಮಣ್ಣಿಗೆ ಅಂಟಿಕೊಂಡರೆ ಮೋಟಾರು ಕೂಗುತ್ತದೆ, ನೀರು ಬರುವುದಿಲ್ಲ. ಪೈಪನ್ನು ಸ್ವಲ್ಪ ಸರಿಸಿದರೆ ಮತ್ತೆ ಸರಾಗ. ಇಲ್ಲಿ ಆಗುವುದೂ ಅಷ್ಟೇ. ಅದಕ್ಕೇ ಸಿಸ್ಟರ್ "ಒಂದು ಸಲ ಕೆಮ್ಮಿ", "ತಲೆ ಈ ಕಡೆ ತಿರುಗಿಸಿ", "ಜೋರಾಗಿ ಉಸಿರು ತಗೊಳ್ಳಿ" ಎನ್ನುವುದು. ತಲೆದಿಂಬು ತೆಗೆದು ಮಂಚದ ತಲೆಭಾಗ ಇಳಿಸುವುದೂ ಇದಕ್ಕೇ.

ಕೆಂಪು ಕವಲೇ ಮೊದಲು ತಕರಾರು ಮಾಡುವುದು ಯಾಕೆ ಎಂದರೆ, ಎಳೆದುಕೊಳ್ಳುವ ಕೆಲಸ ಅದರದ್ದು. ಹಿಂದೆ ಕಳಿಸುವ ನೀಲಿ ಕವಲು ತಳ್ಳುತ್ತದೆ, ಅಂಟಿಕೊಳ್ಳುವುದಿಲ್ಲ. ಜೊತೆಗೆ ಹೆಚ್ಚಿನ ಕ್ಯಾಥೆಟರುಗಳಲ್ಲಿ ಕೆಂಪಿನ ರಂಧ್ರ ನೀಲಿಗಿಂತ ತುಸು ಮೇಲೆ ಇರುತ್ತದೆ. ತುದಿ ಮೇಲೆ ಸರಿದರೆ ಮೊದಲು ಸಂದಿಗೆ ಸಿಗುವುದು ಅದೇ.

ಕುತ್ತಿಗೆ ಎಡಕ್ಕೆ ತಿರುಗಿಸಿದಾಗ ಆಗುವುದು ಬೇರೆಯೇ ಇರಬಹುದು. ಬಲಗಡೆಯ ಚರ್ಮ ಬಿಗಿದು, ಕುತ್ತಿಗೆಯ ಆ ಬಾಗಿನಲ್ಲಿ ಟ್ಯೂಬ್ ಮಡಚುತ್ತದೆ. ಹಾಕುವಾಗ ಆ ಬಾಗು ಅಗಲವಾಗಿ, ಸರಾಗವಾಗಿ ಬಂದಿದ್ದರೆ ಹೀಗಾಗುವುದು ಕಡಿಮೆ. ಕಡಿದಾಗಿ ಬಂದಿದ್ದರೆ ತಲೆ ತಿರುಗಿಸಿದಾಗೆಲ್ಲ ಕಿರಿಕಿರಿ.

ಆದ್ದರಿಂದ ನಾನು ಎದುರಿಗಿದ್ದರೆ ನಿಮಗೆ ಕೇಳುತ್ತಿದ್ದ ಮೊದಲ ಪ್ರಶ್ನೆ: ಈ ಅಲಾರಂ ಮೊದಲ ವಾರದಿಂದಲೂ ಇತ್ತಾ, ಇಲ್ಲ ಈಚೆಗೆ ಶುರುವಾಯಿತಾ? ಇದೊಂದು ಉತ್ತರದಿಂದ ದಾರಿ ಎರಡಾಗುತ್ತದೆ. ಮೊದಲಿನಿಂದಲೂ ಇದ್ದರೆ ತುದಿ ಕೂತ ಜಾಗ ಅಥವಾ ಬಾಗು ಕಾರಣ. ಎರಡು ತಿಂಗಳು ಕೂತರೂ ಮಲಗಿದರೂ ಸರಿಯಾಗಿ ಓಡಿ, ಈಗ ಶುರುವಾಗಿದ್ದರೆ ಯೋಚನೆ ಬೇರೆ. ಟ್ಯೂಬಿನೊಳಗೆ ರಕ್ತ ಹೆಪ್ಪುಗಟ್ಟಿರಬಹುದು. ಅಥವಾ ಟ್ಯೂಬಿನ ಹೊರಮೈಗೆ ಫೈಬ್ರಿನ್ ಎಂಬ ತೆಳು ಪೊರೆ ಬೆಳೆದು ತುದಿಯನ್ನು ಚೀಲದ ಹಾಗೆ ಮುಚ್ಚಿರಬಹುದು. ಈ ಪೊರೆಯ ಗುರುತು ಒಂದಿದೆ. ಸಿರಿಂಜಿನಲ್ಲಿ ಸಲೈನ್ ಒಳಗೆ ತಳ್ಳಿದರೆ ಸಲೀಸಾಗಿ ಹೋಗುತ್ತದೆ, ಹಿಂದಕ್ಕೆ ಎಳೆದರೆ ರಕ್ತ ಬರುವುದಿಲ್ಲ. ಆಗ ಭಂಗಿ ಬದಲಿಸಿ ಪ್ರಯೋಜನ ಕಡಿಮೆ. ಯುರೋಕೈನೇಸ್ ಅಥವಾ ಆಲ್ಟೆಪ್ಲೇಸ್ ಎಂಬ ಹೆಪ್ಪು ಕರಗಿಸುವ ಔಷಧಿಯನ್ನು ಟ್ಯೂಬಿನೊಳಗೆ ತುಂಬಿಟ್ಟು ನೋಡುತ್ತಾರೆ. ಅದಕ್ಕೂ ಬಗ್ಗದಿದ್ದರೆ ಕ್ಯಾಥೆಟರ್ ಬದಲಿಸುತ್ತಾರೆ.

ಇನ್ನೊಂದು ಸಾಧ್ಯತೆ, ಯಾವಾಗಲೋ ಎಳೆತ ಬಿದ್ದು ಟ್ಯೂಬ್ ಸ್ವಲ್ಪ ಹೊರಗೆ ಬಂದಿರುವುದು. ಡ್ರೆಸಿಂಗ್ ಬದಲಿಸುವಾಗ ಸಿಸ್ಟರ್ ಹತ್ತಿರ ಕೇಳಿ, ಕಫ್ ಏನಾದರೂ ಕಾಣುತ್ತಿದೆಯಾ ಅಂತ. ಬಿಳಿ ಪಟ್ಟಿ ಚರ್ಮದ ಹೊರಗೆ ಇಣುಕಿದ್ದರೆ ಆ ಕ್ಯಾಥೆಟರ್ ಭದ್ರವಾಗಿಲ್ಲ. ಅದನ್ನು ಒಳಗೆ ತಳ್ಳಲೇಬಾರದು. ಹೊರಗಿನ ಕೊಳೆ ನೇರ ರಕ್ತಕ್ಕೆ ಹೋಗುತ್ತದೆ.

ಅಲಾರಂ ಯಾವ ಹೊತ್ತಿನಲ್ಲಿ ಬರುತ್ತದೆ ಎಂಬುದೂ ಮುಖ್ಯ. ನಾಲ್ಕು ಗಂಟೆಯ ಡಯಾಲಿಸಿಸ್‌ನಲ್ಲಿ ಮೊದಲ ಎರಡು ಗಂಟೆ ಸುಮ್ನೆ ಇದ್ದು, ಕೊನೆಯ ಗಂಟೆಯಲ್ಲಿ ಕೂಗಲು ಶುರುವಾದರೆ, ಮೈಯಿಂದ ನೀರು ತೆಗೆದು ತೆಗೆದು ರಕ್ತನಾಳ ಸಣಕಲಾಗಿದೆ. ಗೋಡೆಗಳು ತುದಿಯ ಮೇಲೆ ಕುಸಿಯುತ್ತವೆ. ಬಿ.ಪಿ. ಇಳಿಯುವುದು, ಕಾಲು ಸೆಳೆಯುವುದು ಕೂಡ ಅದೇ ಹೊತ್ತಿಗೆ. ಇದಕ್ಕೆ ಮದ್ದು ಎರಡು ಡಯಾಲಿಸಿಸ್ ನಡುವೆ ತೂಕ ಏರದಂತೆ ನೋಡುವುದು. ವಾರಕ್ಕೆ ಎರಡೇ ಸಲ ಮಾಡಿಸುವವರಿಗೆ ಇದು ಕಷ್ಟ, ನನಗೆ ಗೊತ್ತು. ನೀರು ಲೆಕ್ಕ ಹಾಕಿ ಕುಡಿಯುವ ನಮ್ಮವರು ಗಂಜಿ, ತಿಳಿಸಾರು, ಮಜ್ಜಿಗೆ ಲೆಕ್ಕಕ್ಕೆ ಹಿಡಿಯುವುದಿಲ್ಲ. ಉಪ್ಪಿನಕಾಯಿ ಬಾಯಾರಿಕೆ ತರುತ್ತದೆ ಎಂಬುದನ್ನೂ ಮರೆಯುತ್ತಾರೆ. ಅಲಾರಂಗೂ ಉಪ್ಪಿನಕಾಯಿಗೂ ನಿಜವಾಗಿ ಸಂಬಂಧ ಇದೆ.

ಸ್ಪೀಡ್ ಇಳಿಸುವ ಬಗ್ಗೆ ನನ್ನ ಅಭಿಪ್ರಾಯ ಖಂಡಿತ. ಅಲಾರಂ ನಿಲ್ಲಿಸಲು ಅದು ಸುಲಭದ ದಾರಿ, ಆದರೆ ಅದನ್ನೇ ರೂಢಿ ಮಾಡಿಕೊಳ್ಳಬಾರದು. ಪಂಪು ನಿಮಿಷಕ್ಕೆ 300 ಮಿಲಿಲೀಟರಿನಲ್ಲಿ ಓಡಬೇಕಾದದ್ದು 200ರಲ್ಲಿ ಓಡಿದರೆ, ನಾಲ್ಕು ಗಂಟೆ ಕಳೆದರೂ ರಕ್ತ ಅಷ್ಟು ಶುದ್ಧ ಆಗಿರುವುದಿಲ್ಲ. ಹೊಸನಗರದಿಂದ ರಿಪ್ಪನ್‌ಪೇಟೆ, ಆಯನೂರು ದಾಟಿ ಶಿವಮೊಗ್ಗಕ್ಕೆ ಬಂದು ಇಡೀ ದಿನ ಕಳೆಯುತ್ತೀರಿ. ಅಷ್ಟು ಮಾಡಿ ಅರ್ಧಂಬರ್ಧ ಡಯಾಲಿಸಿಸ್ ಮಾಡಿಸಿಕೊಂಡು ಹೋಗುವುದು ನ್ಯಾಯವಲ್ಲ. ಅಮೆರಿಕದ ನ್ಯಾಷನಲ್ ಕಿಡ್ನಿ ಫೌಂಡೇಶನ್ 2006ರ ತನ್ನ ಮಾರ್ಗಸೂಚಿಯಲ್ಲಿ, 300 ಮುಟ್ಟದ ಕ್ಯಾಥೆಟರನ್ನು ಕೆಟ್ಟಿದೆ ಎಂದೇ ಎಣಿಸಿ ಎಂದಿತ್ತು. 2019ರಲ್ಲಿ ಆ ಒಂದೇ ಸಂಖ್ಯೆಯ ಹಟ ಬಿಟ್ಟು, ಆ ರೋಗಿಗೆ ಬರೆದುಕೊಟ್ಟ ವೇಗ ಸಿಗುತ್ತಿದೆಯಾ, ಸಮಯ ಹೆಚ್ಚಿಸದೆ ಡಯಾಲಿಸಿಸ್ ಸಾಕಾಗುತ್ತಿದೆಯಾ ಎಂದು ನೋಡಿ ಎಂದಿತು. ನನಗೆ ಈ ಎರಡನೆಯದೇ ಸರಿ ಅನ್ನಿಸುತ್ತದೆ. ನಿಮ್ಮ ಅಪ್ಪಯ್ಯನಿಗೆ ಬರೆದಿರುವ ವೇಗ 250 ಇದ್ದು ಅದು ಸಿಗುತ್ತಿದ್ದರೆ, ರಕ್ತಪರೀಕ್ಷೆಯೂ ಚೆನ್ನಾಗಿದ್ದರೆ, ಕೂತಾಗ ಬರುವ ಒಂದೆರಡು ಅಲಾರಂಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಕೆಂಪು ನೀಲಿ ಅದಲುಬದಲು ಮಾಡುವುದಕ್ಕೂ ಇದೇ ಮಾತು. ಆ ದಿನದ ಕೆಲಸ ನಡೆಯಲಿ ಎಂದು ಒಮ್ಮೆ ಮಾಡಿದರೆ ತಪ್ಪಿಲ್ಲ. ಆದರೆ ಅದಲುಬದಲು ಮಾಡಿದಾಗ, ಈಗಷ್ಟೇ ಶುದ್ಧವಾಗಿ ಹೊರಬಂದ ರಕ್ತದ ಒಂದು ಪಾಲು ಪಕ್ಕದ ರಂಧ್ರದಿಂದ ಮತ್ತೆ ಮೆಷಿನ್ನಿಗೇ ಹೋಗುತ್ತದೆ. ತೊಳೆದದ್ದನ್ನೇ ತೊಳೆದಂತೆ. ಪ್ರತಿ ಸಲವೂ ಅದಲುಬದಲು ಮಾಡಬೇಕಾಗಿ ಬಂದರೆ ಡಾಕ್ಟರ್ ಗಮನಕ್ಕೆ ತರಲೇಬೇಕು.

ನೀವು ಪಕ್ಕದಲ್ಲಿ ಕೂತಿರುತ್ತೀರಿ. ನಿಮ್ಮಿಂದ ಒಂದು ಸಹಾಯ ಆಗಬಹುದು. ಮೆಷಿನ್ನಿನ ಪರದೆಯಲ್ಲಿ ಆರ್ಟೀರಿಯಲ್ ಪ್ರೆಶರ್ ಎಂದು ಒಂದು ಅಂಕಿ ಇರುತ್ತದೆ, ಮುಂದೆ ಮೈನಸ್ ಗುರುತು. ಪಂಪು ಎಷ್ಟು ಜೋರಾಗಿ ಎಳೆಯಬೇಕಾಗಿದೆ ಎಂದು ಅದು ಹೇಳುತ್ತದೆ. ಅಪ್ಪಯ್ಯ ಮಲಗಿದ್ದಾಗ ಅದು ಮೈನಸ್ 140 ಇದ್ದದ್ದು, ಎದ್ದು ಕೂತ ಕೂಡಲೇ ಮೈನಸ್ 200, ಆಮೇಲೆ 250 ದಾಟಿ ಅಲಾರಂ ಆಯಿತು ಎಂದಿಟ್ಟುಕೊಳ್ಳಿ. ಅದನ್ನೇ ಒಂದು ಚೀಟಿಯಲ್ಲಿ ಬರೆಯಿರಿ: ಎಷ್ಟು ಹೊತ್ತಿಗೆ, ಯಾವ ಭಂಗಿ, ಪಂಪಿನ ಸ್ಪೀಡ್ ಎಷ್ಟು, ಅಂಕಿ ಎಷ್ಟು, ಏನು ಮಾಡಿದ ಮೇಲೆ ಸರಿಹೋಯಿತು. ಇಂಥ ನಾಲ್ಕು ಸಾಲಿನ ಚೀಟಿ ಡಾಕ್ಟರಿಗೆ ತುಂಬ ಉಪಯೋಗ. ಮೆಷಿನ್ನಿನ ಗುಂಡಿ ಮಾತ್ರ ನೀವು ಮುಟ್ಟಬೇಡಿ. ಅಲಾರಂ ಆದ ಕೂಡಲೇ ಹೊರಗಿನ ಟ್ಯೂಬನ್ನೊಮ್ಮೆ ಕಣ್ಣಲ್ಲೇ ನೋಡಿ. ಹೊದಿಕೆಯ ಅಡಿ ಮಡಚಿದೆಯಾ? ಮೊಣಕೈ ಕೆಳಗೆ ಸಿಕ್ಕಿದೆಯಾ? ರೋಗಿ ಫ್ಲಾಸ್ಕಿಗೆ ಕೈ ಚಾಚಿ ಮಗ್ಗುಲಾದಾಗ ಟ್ಯೂಬ್ ಬೆನ್ನಡಿಗೆ ಹೋಗಿ, ಒಳಗಿನ ಕ್ಯಾಥೆಟರಿಗೆ ಸುಮ್ಮನೆ ಕೆಟ್ಟ ಹೆಸರು ಬಂದದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಮನೆಯ ವಿಷಯಕ್ಕೆ ಬರೋಣ. ಅಲ್ಲಿ ಪಂಪು ಇಲ್ಲ, ಎಳೆತ ಇಲ್ಲ. ಟ್ಯೂಬಿನೊಳಗೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧಿ, ಹೆಚ್ಚಾಗಿ ಹೆಪಾರಿನ್, ತುಂಬಿ ಮುಚ್ಚಿರುತ್ತಾರೆ. ಕೂತರೂ ನಿಂತರೂ ತುದಿ ಒಳಗೆ ಅತ್ತಿತ್ತ ಸರಿದರೂ ಅವತ್ತಿಗೆ ಏನೂ ಆಗುವುದಿಲ್ಲ. ಕುತ್ತಿಗೆ ಬಿಗಿ ಹಿಡಿದು ಕೂತರೆ ನೋವು ಬರುತ್ತದೆ, ಭುಜ ಜಡ್ಡುಗಟ್ಟುತ್ತದೆ, ಕಾಲಿನ ಶಕ್ತಿ ಹೋಗುತ್ತದೆ. ಡಯಾಲಿಸಿಸ್ ರೋಗಿಗಳಲ್ಲಿ ಮಾಂಸಖಂಡ ಮೊದಲೇ ಕರಗುತ್ತಿರುತ್ತದೆ. ಮೂಲೆ ಹಿಡಿಸುವುದು ಸರಿಯಲ್ಲ.

ಹೆದರಬೇಕಾದದ್ದು ಹೊರಗಿನ ಎಳೆತಕ್ಕೆ. ಹೆಗಲ ಮೇಲಿನ ಟವೆಲು ಕ್ಯಾಥೆಟರಿಗೆ ಸಿಕ್ಕಿ ಜಗ್ಗುವುದು, ಬನಿಯನ್ ತಲೆಯ ಮೇಲಿಂದ ಎಳೆಯುವುದು, ಮೊಮ್ಮಕ್ಕಳು ತೊಡೆ ಮೇಲೆ ಕೂತು ಹಿಡಿದು ಎಳೆಯುವುದು. ಇವೇ ಅಪಾಯ. ಎದುರು ಗುಂಡಿ ಇರುವ ಸಡಿಲ ಅಂಗಿ ಹಾಕಿಸಿ. ಹೊರಗಿನ ಎರಡು ಕವಲುಗಳು ಜೋತಾಡದ ಹಾಗೆ ಎದೆಗೆ ಟೇಪ್ ಹಚ್ಚಿರಲಿ. ಟ್ಯೂಬ್ ಸೂಕ್ಷ್ಮವಾಗಿ ಒಳಗೆ ಹೊರಗೆ ಆಡುತ್ತಿದ್ದರೆ ಅದರ ಜೊತೆ ಚರ್ಮದ ಮೇಲಿನ ಕ್ರಿಮಿಯೂ ಒಳಗೆ ಹೋಗುತ್ತದೆ. ಕ್ಯಾಥೆಟರಿನವರಿಗೆ ದೊಡ್ಡ ಶತ್ರು ಸೋಂಕೇ.

ತೋಟದ ಕೆಲಸದಲ್ಲಿ ಯಾವುದು ಸರಿ? ನಡೆದು ಹೋಗಿ ನೋಡಿ ಬರಲಿ, ಆಳುಗಳಿಗೆ ಹೇಳಿ ಮಾಡಿಸಲಿ. ಮೆಟ್ಟುಗತ್ತಿ ಮುಂದೆ ಕೂತು ಸ್ವಲ್ಪ ಹೊತ್ತು ಅಡಿಕೆ ಸುಲಿಯಲಿ, ಆದರೆ ಧೂಳು ಏಳುವ ಕಡೆ ಬೇಡ. ಅಡಿಕೆ ಹೆಡಿಗೆ ಹೆಗಲಿಗೆ ಏರಿಸುವುದು, ಹುಲ್ಲುಹೊರೆ, ಸೌದೆ ಹೊರುವುದು ಬೇಡ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಕ್ಯಾನಿನ ಪಟ್ಟಿ ಸರಿಯಾಗಿ ಕ್ಯಾಥೆಟರಿನ ಮೇಲೇ ಕೂರುತ್ತದೆ, ಅದು ಯಾವ ಕಾರಣಕ್ಕೂ ಬೇಡ. ಬಲಗೈ ಪೂರ್ತಿ ಮೇಲೆತ್ತಿ ಜಗ್ಗುವ ಕೆಲಸ, ಅಂದರೆ ದೋಟಿ ಹಿಡಿದು ತೆಂಗಿನಕಾಯಿ ಕೀಳುವಂಥದ್ದು, ಬಿಡಲಿ. ತಲೆ ಬಾಚಲು, ಊಟ ಮಾಡಲು, ಪೂಜೆಗೆ ಕೈ ಎತ್ತುವುದಕ್ಕೆ ಯಾವ ಅಡ್ಡಿಯೂ ಇಲ್ಲ.

ಮಳೆಗಾಲದ ಬಗ್ಗೆ ಒಂದು ಮಾತು ವಿಶೇಷವಾಗಿ. ನಮ್ಮ ಕಡೆ ಜೂನ್ ಬಂತೆಂದರೆ ಬಟ್ಟೆ ಒಣಗುವುದಿಲ್ಲ. ಒದ್ದೆ ಡ್ರೆಸಿಂಗ್ ಅಂಟು ಬಿಡುತ್ತದೆ, ಆಮೇಲೆ ಕ್ಯಾಥೆಟರ್ ತೂಗಾಡುತ್ತದೆ, ತೂತಿನ ಸುತ್ತ ಕೆಂಪಾಗುತ್ತದೆ. ತಲೆ ಮೇಲೆ ನೀರು ಹುಯ್ದುಕೊಳ್ಳುವ ಸ್ನಾನ ಬೇಡ. ಸೊಂಟದ ಕೆಳಗೆ ಸ್ನಾನ ಮಾಡಿ, ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಲಿ. ಹೊಳೆ, ಕೆರೆಗೆ ಇಳಿಯುವುದು ಬೇಡವೇ ಬೇಡ. ಡ್ರೆಸಿಂಗ್ ಒದ್ದೆಯಾದರೆ ಮುಂದಿನ ಡಯಾಲಿಸಿಸ್‌ವರೆಗೆ ಹಾಗೇ ಬಿಡಬೇಡಿ. ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಬದಲಿಸಲು ಆಗುತ್ತದಾ ಎಂದು ಈಗಲೇ ಕೇಳಿ ಇಟ್ಟುಕೊಳ್ಳಿ. ಚಳಿ ನಡುಕ, ಜ್ವರ ಬಂದರೆ, ಅದರಲ್ಲೂ ಡಯಾಲಿಸಿಸ್ ನಡೆಯುವಾಗ ಬಂದರೆ, ಮಳೆಗೆ ನೆನೆದದ್ದಕ್ಕೆ ಎಂದು ಕಷಾಯ ಕುಡಿಸಿ ಮಲಗಿಸಬೇಡಿ. ಕ್ಯಾಥೆಟರಿನ ಸೋಂಕು ಎಂದೇ ಹಿಡಿದು ಆಸ್ಪತ್ರೆಗೆ ಬನ್ನಿ.

ಪ್ರಯಾಣದಲ್ಲಿ ಕಾರಾದರೆ ಎಡಗಡೆ ಸೀಟಿನಲ್ಲಿ ಕೂರಿಸಿ. ಅಲ್ಲಿ ಸೀಟ್‌ಬೆಲ್ಟ್ ಎಡ ಹೆಗಲಿನಿಂದ ಬಲ ಸೊಂಟಕ್ಕೆ ಬರುತ್ತದೆ, ಬಲ ಎದೆಯ ಮೇಲ್ಭಾಗ ಒತ್ತುವುದಿಲ್ಲ. ಬಸ್ಸಾದರೆ ನಿಂತು ಬರುವುದು ಬೇಡ. ತಿರುವಿನಲ್ಲಿ ಮೇಲಿನ ಕಂಬಿಗೆ ಬಲಗೈಯಲ್ಲಿ ಜೋತು ಬೀಳಬೇಕಾಗುತ್ತದೆ, ಡಯಾಲಿಸಿಸ್ ಆದಮೇಲೆ ಬಿ.ಪಿ.ಯೂ ಇಳಿದಿರುತ್ತದೆ. ಕುಲುಕಾಟದಿಂದ ಕ್ಯಾಥೆಟರಿಗೆ ಏನೂ ಆಗುವುದಿಲ್ಲ.

ಮಲಗುವಾಗ ಬೆನ್ನ ಮೇಲೆ ಅಥವಾ ಎಡಮಗ್ಗುಲಲ್ಲಿ ಮಲಗಲಿ. ನಿದ್ದೆಯಲ್ಲಿ ಬಲಕ್ಕೆ ಹೊರಳಿದರೂ ಪರವಾಗಿಲ್ಲ. ಕವುಚಿ ಮಲಗುವುದು ಬೇಡ.

ಒಂದೆರಡು ತುರ್ತು ವಿಷಯ ಮನೆಯವರಿಗೆಲ್ಲ ಗೊತ್ತಿರಬೇಕು. ಹೊರಗಿನ ಕವಲಿನ ಮುಚ್ಚಳ ಬಿದ್ದರೆ ಮೊದಲು ಆ ಕವಲಿನ ಕ್ಲ್ಯಾಂಪ್ (ಟ್ಯೂಬನ್ನು ಒತ್ತಿ ಮುಚ್ಚುವ ಕ್ಲಿಪ್ಪು) ಮುಚ್ಚಿದೆಯಾ ನೋಡಿ. ಕ್ಲ್ಯಾಂಪೂ ತೆರೆದಿದ್ದರೆ ಉಸಿರೆಳೆದಾಗ ಗಾಳಿ ರಕ್ತಕ್ಕೆ ಹೋಗುವ ಅಪಾಯ ಇದೆ. ಕೂತಿರುವವರಲ್ಲಿ ಇದು ಜಾಸ್ತಿ. ಕೂಡಲೇ ಕ್ಲ್ಯಾಂಪ್ ಒತ್ತಿ. ದಮ್ಮು, ಎದೆನೋವು, ತಲೆಸುತ್ತು ಬಂದರೆ ಎಡಮಗ್ಗುಲಿಗೆ ತಲೆ ತಗ್ಗಿಸಿ ಮಲಗಿಸಿ 108ಕ್ಕೆ ಕರೆಮಾಡಿ. ಕ್ಯಾಥೆಟರ್ ಪೂರ್ತಿ ಕಿತ್ತು ಬಂದರೆ ಮಲಗಿಸಿ, ಶುಭ್ರ ಬಟ್ಟೆಯಿಂದ ಎದೆಯ ತೂತಿನ ಮೇಲೂ, ಕುತ್ತಿಗೆಯಲ್ಲಿ ಟ್ಯೂಬ್ ನಾಳಕ್ಕೆ ಇಳಿದಿದ್ದ ಜಾಗದ ಮೇಲೂ ಒತ್ತಿ ಹಿಡಿಯಿರಿ. ರಕ್ತ ನಿಂತಂತೆ ಕಂಡರೂ ಒತ್ತಿ ಹಿಡಿದುಕೊಂಡೇ ಆಸ್ಪತ್ರೆಗೆ ಹೊರಡಿ.

ಇನ್ನು ಆ ಎಕ್ಸ್‌ರೇ. "ಎಲ್ಲ ಸರಿ ಇದೆ" ಎಂದದ್ದು ಸುಳ್ಳಲ್ಲ, ಆದರೆ ಅದನ್ನು ಮಲಗಿಸಿ ತೆಗೆದಿದ್ದರೆ ನಿಮ್ಮ ಪ್ರಶ್ನೆಗೆ ಅದರಲ್ಲಿ ಉತ್ತರ ಸಿಗುವುದಿಲ್ಲ. ತೊಂದರೆ ಬರುವುದು ಕೂತಾಗ ತಾನೇ? "ಕೂತಾಗ ಅಥವಾ ನಿಂತಾಗ ಒಂದು ಎಕ್ಸ್‌ರೇ ತೆಗೆಯಬಹುದಾ ಡಾಕ್ಟ್ರೇ?" ಎಂದು ವಿನಯದಿಂದ ಕೇಳಿ. ನಿಮ್ಮ ಚೀಟಿಯನ್ನೂ ತೋರಿಸಿ. ತುದಿ ತೀರಾ ಮೇಲೆ ಬಂದಿದ್ದರೆ, ಅಥವಾ ಕುತ್ತಿಗೆಯ ಬಾಗಿನಲ್ಲಿ ಮಡಚಿದ್ದು ಕಂಡರೆ, ಅದನ್ನು ಸರಿಪಡಿಸಬಹುದು. ತುದಿ ಮೇಲಿದ್ದರೆ ಎಷ್ಟೋ ಸಲ ಹಳೆಯ ದಾರಿಯಲ್ಲೇ ತಂತಿ ತೂರಿಸಿ ತುಸು ಉದ್ದದ ಕ್ಯಾಥೆಟರ್ ಹಾಕಲು ಆಗುತ್ತದೆ.

ಅದೇ ದಿನ ಇನ್ನೊಂದನ್ನೂ ಕೇಳಿ: ಫಿಸ್ಟುಲಾ ಯಾವಾಗ? ಕ್ಯಾಥೆಟರಿನ ಬದಲು ಕೈಯಿಂದಲೇ ಡಯಾಲಿಸಿಸ್ ನಡೆಸಲೆಂದು ಕೈಯ ರಕ್ತನಾಳ ಜೋಡಿಸಿ ಮಾಡುವ ಈ ಚಿಕ್ಕ ಆಪರೇಷನ್ ಆದಮೇಲೆ ನಾಳ ದಪ್ಪಗಾಗಿ ಸೂಜಿ ಹಾಕುವಂತಾಗಲು ಒಂದೂವರೆ ಎರಡು ತಿಂಗಳು, ಕೆಲವರಿಗೆ ಇನ್ನೂ ಜಾಸ್ತಿ ಬೇಕು. ಈಗಾಗಲೇ ಎರಡೂವರೆ ತಿಂಗಳು ಕಳೆದಿದೆ. ಅಪ್ಪಯ್ಯ ಬಲಗೈಯವರಾದರೆ ಎಡಗೈಯಲ್ಲಿ ಯಾರೂ ರಕ್ತ ತೆಗೆಯದಂತೆ, ಗ್ಲೂಕೋಸ್ ಹಾಕದಂತೆ ಇವತ್ತಿನಿಂದಲೇ ಕಾಯ್ದುಕೊಳ್ಳಿ.